ವೃತ್ತಿಪರ ರಗ್ಬಿ ಆಟಗಾರರಿಗೆ ಮೌತ್‌ಗಾರ್ಡ್ ಕಡ್ಡಾಯ ಮಾಡಬೇಕೇ? ಶಿವಮೊಗ್ಗದ ದಂತವೈದ್ಯನೊಬ್ಬನ ಉತ್ತರ

ಕಡ್ಡಾಯ ಮಾಡಬೇಕು ಎಂಬುದೇ ನನ್ನ ಅಭಿಪ್ರಾಯ. ಆದರೆ ಹಾಗೆ ವಾದಿಸುವವರು ಸಾಮಾನ್ಯವಾಗಿ ಮುಂದಿಡುವ ಕಾರಣಗಳಲ್ಲಿ ಒಂದೆರಡನ್ನು ನಾನು ಒಪ್ಪುವುದಿಲ್ಲವಾದ್ದರಿಂದ ಉತ್ತರ ತುಸು ಉದ್ದವಾಗುತ್ತದೆ.

ಟಿವಿಯಲ್ಲಿ ರಗ್ಬಿ ಪಂದ್ಯ ನೋಡುವಾಗ ಆಟಗಾರನೊಬ್ಬ ಹಲ್ಲಿನ ರಕ್ಷಾಕವಚವಾದ ಮೌತ್‌ಗಾರ್ಡನ್ನು ಬಾಯಿಂದ ತೆಗೆದು ಕಾಲುಚೀಲಕ್ಕೆ ಸಿಕ್ಕಿಸಿಕೊಂಡು ಓಡಿದ್ದನ್ನು ಕಂಡು ತಾವು ಈ ಪ್ರಶ್ನೆ ಕೇಳಿದ್ದೀರಿ. ಶಾಲಾ ಮಕ್ಕಳ ಮಾತು ಬೇರೆ, ಆದರೆ ಹಣ ಪಡೆದು ಆಡುವ, ತನ್ನ ಮೈಯ ಬೆಲೆಯನ್ನು ಬಲ್ಲ ವಯಸ್ಕನಿಗೆ ಹಲ್ಲು ಉಳಿಸಿಕೊಳ್ಳಲು ಇನ್ನೊಬ್ಬರು ಆಜ್ಞೆ ಮಾಡಬೇಕೇ ಎಂಬುದು ತಮ್ಮ ಆಕ್ಷೇಪ. ನಾನು ಶಿವಮೊಗ್ಗದಲ್ಲಿ ಇಪ್ಪತ್ತು ವರ್ಷಗಳಿಂದ ದಂತವೈದ್ಯನಾಗಿದ್ದೇನೆ. ರಗ್ಬಿ ಆಡಿದವನಲ್ಲ, ಕಾಲೇಜಿನ ದಿನಗಳಲ್ಲಿ ಕಬಡ್ಡಿ ಆಡಿದವನು, ಈಗ ಕಬಡ್ಡಿ ಆಡುವವರ ಬಾಯಿ ನೋಡುವವನು. ಒಬ್ಬನ ಮೊಣಕೈ ಇನ್ನೊಬ್ಬನ ಮೂತಿಗೆ ಬಡಿದಾಗ ಏನಾಗುತ್ತದೆ ಎಂಬುದು ಎರಡೂ ಆಟಗಳಲ್ಲಿ ಒಂದೇ ಆಗಿರುವುದರಿಂದ, ಮೊದಲು ಹಲ್ಲಿನ ವಿಷಯವನ್ನೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಆಷಾಢದ ಮಳೆಯಲ್ಲಿ, ತೀರ್ಥಹಳ್ಳಿಯ ಕಡೆಯ ಒಂದು ಊರಿನಲ್ಲಿ ಕೆಸರುಗದ್ದೆ ಕ್ರೀಡಾಕೂಟ ನಡೆದಿತ್ತು. ಕಬಡ್ಡಿಯಲ್ಲಿ ರೈಡ್‌ಗೆ ಹೋದ ಹದಿನೇಳರ ಹುಡುಗನನ್ನು ನಾಲ್ವರು ಒಟ್ಟಿಗೆ ಹಿಡಿದರು. ಯಾರದೋ ಮಂಡಿ ಅವನ ಬಾಯಿಗೆ ಬಿತ್ತು. ಮೇಲಿನ ಮುಂಭಾಗದ ಹಲ್ಲೊಂದು ಬೇರುಸಹಿತ ಹೊರಬಂದು ಕೆಸರಿನೊಳಗೆ ಹೋಯಿತು. ಜೊತೆಯವರು ಹುಡುಕಿ ತೆಗೆದರು, ನಲ್ಲಿಯ ಕೆಳಗೆ ಹಿಡಿದು ಬೆರಳಿನಿಂದ ತಿಕ್ಕಿ ತಿಕ್ಕಿ ತೊಳೆದರು, ಒಗೆದ ಕರವಸ್ತ್ರದಲ್ಲಿ ಸುತ್ತಿ ಅವನ ಅಣ್ಣನ ಕೈಗೆ ಕೊಟ್ಟು ಬಸ್ಸು ಹತ್ತಿಸಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಈ ಎಲ್ಲ ಕೆಲಸಗಳೂ ಆ ಹಲ್ಲನ್ನು ಕೊಂದವು. ಹಲ್ಲಿನ ಬೇರಿನ ಮೇಲೆ ಕಣ್ಣಿಗೆ ಸರಿಯಾಗಿ ಕಾಣದ ಒಂದು ಎಳೆಪೊರೆ ಇರುತ್ತದೆ. ಹಲ್ಲನ್ನು ದವಡೆಯ ಎಲುಬಿಗೆ ಹಿಡಿದಿಡುವುದು ಆ ಪೊರೆಯೇ. ಹೊರಗೆ ಬಂದ ಹಲ್ಲು ಒಣಗುತ್ತಾ ಹೋದರೆ ಒಂದು ಗಂಟೆಯೊಳಗೆ ಆ ಪೊರೆಯ ಜೀವಕೋಶಗಳು ಬಹುತೇಕ ಸಾಯುತ್ತವೆ, ತಿಕ್ಕಿದರೆ ಅಷ್ಟು ಹೊತ್ತೂ ಬೇಡ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು ಅರವತ್ತು ಕಿಲೋಮೀಟರ್. ಮಳೆಗಾಲದಲ್ಲಿ ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ಬಸ್ಸು ಊರು ಮುಟ್ಟುವುದಕ್ಕೆ ಒಂದೂವರೆ ಗಂಟೆಯಾದರೂ ಬೇಕು. ಹಲ್ಲಿಗೆ ಇದ್ದ ಆಯುಷ್ಯ ದಾರಿಯಲ್ಲಿಯೇ ಮುಗಿದಿತ್ತು.

ಆ ಹಲ್ಲನ್ನು ನಾನು ಮತ್ತೆ ಕೂರಿಸಿದೆ, ಅಕ್ಕಪಕ್ಕದ ಹಲ್ಲುಗಳಿಗೆ ತಂತಿಯಿಂದ ಕಟ್ಟಿದೆ, ಮುಂದೆ ಬೇರುನಾಳದ ಚಿಕಿತ್ಸೆಯನ್ನೂ ಮಾಡಿದೆ. ನೋಡುವುದಕ್ಕೆ ಎಲ್ಲವೂ ಸರಿಯಾಯಿತು. ಆದರೆ ಪೊರೆ ಸತ್ತ ಬೇರನ್ನು ಎಲುಬು ತನ್ನದೇ ಭಾಗವೆಂದು ತಿಳಿದು ವರ್ಷವರ್ಷವೂ ಸ್ವಲ್ಪಸ್ವಲ್ಪವಾಗಿ ಕರಗಿಸಿಕೊಳ್ಳುತ್ತದೆ. ಇಲ್ಲಿಯೂ ಹಾಗೆಯೇ ಆಯಿತು. ದವಡೆಯ ಬೆಳವಣಿಗೆ ಪೂರ್ಣವಾಗುವವರೆಗೆ ಇಂಪ್ಲಾಂಟ್ ಹಾಕುವಂತಿಲ್ಲವಾದ್ದರಿಂದ ಅವನು ಆ ಅರೆಜೀವದ ಹಲ್ಲಿನೊಂದಿಗೇ ಕಾಯಬೇಕಾಯಿತು. ಒಂದು ಸಣ್ಣ ಪ್ಲಾಸ್ಟಿಕ್ ಹಾಳೆ ತಡೆಯಬಹುದಾಗಿದ್ದ ಪೆಟ್ಟಿಗೆ ಆ ಕುಟುಂಬ ಎಷ್ಟು ಸಲ ಬಸ್ಸು ಹತ್ತಿತು, ಎಷ್ಟು ದಿನದ ಕೂಲಿ ಕಳೆದುಕೊಂಡಿತು ಎಂಬುದು ನನಗೆ ಗೊತ್ತು. (ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ: ಹಲ್ಲು ಹೀಗೆ ಬಿದ್ದಾಗ ಬೇರನ್ನು ಮುಟ್ಟದೆ, ಬಿಳಿಯ ತುದಿಯನ್ನು ಹಿಡಿದು, ಕೊಳೆಯಾಗಿದ್ದರೆ ನೀರಿನಲ್ಲಿ ಕೆಲವೇ ಕ್ಷಣ ಅದ್ದಿ ತೆಗೆದು, ಸಾಧ್ಯವಾದರೆ ಅಲ್ಲಿಯೇ ಅದರ ಗುಳಿಯಲ್ಲಿ ಕೂರಿಸಬೇಕು. ಆಗದಿದ್ದರೆ ತಣ್ಣನೆಯ ಹಾಲಿನಲ್ಲಿ ಮುಳುಗಿಸಿ ತರಬೇಕು. ಎಳನೀರಿನ ಮೇಲೂ ನಮ್ಮ ದೇಶದಲ್ಲಿ ಪರೀಕ್ಷೆಗಳು ನಡೆದಿವೆ, ಆದರೂ ನಾನು ನಂಬುವುದು ಹತ್ತಿರದ ಅಂಗಡಿಯ ನಂದಿನಿ ಪ್ಯಾಕೆಟ್ಟನ್ನೇ.)

ಮೌತ್‌ಗಾರ್ಡ್ ಮಾಡುವ ಕೆಲಸ ಸರಳವಾದದ್ದು. ಮೇಲಿನ ಹಲ್ಲುಗಳಿಗೆ ಕವಚದಂತೆ ಕೂರುವ ಮೂರು ನಾಲ್ಕು ಮಿಲಿಮೀಟರ್ ದಪ್ಪದ ಮೆದು ಪ್ಲಾಸ್ಟಿಕ್, ಒಂದೇ ಹಲ್ಲಿನ ಮೇಲೆ ಬೀಳುವ ಬಲವನ್ನು ಇಡೀ ಸಾಲಿಗೆ ಹಂಚುತ್ತದೆ. ಮೇಲಿನ ಕೆಳಗಿನ ಹಲ್ಲುಗಳು ಒಂದಕ್ಕೊಂದು ಬಡಿದು ಚೂರಾಗುವುದನ್ನು ತಪ್ಪಿಸುತ್ತದೆ. ತುಟಿ ಮತ್ತು ಕೆನ್ನೆಯ ಒಳಭಾಗ ಹಲ್ಲಿಗೆ ಸಿಕ್ಕಿ ಹರಿಯದಂತೆ ನಡುವೆ ನಿಲ್ಲುತ್ತದೆ. ಇದರ ಹಿಂದೆ ನಮ್ಮ ವೃತ್ತಿಯವನೊಬ್ಬನ ಕೈಯಿದೆ ಎಂಬುದು ನನಗೆ ಸಣ್ಣ ಹೆಮ್ಮೆ. 1890ರಲ್ಲಿ ಲಂಡನ್ನಿನ ದಂತವೈದ್ಯ ವುಲ್ಫ್ ಕ್ರೌಸ್ ಎಂಬಾತ ಮುಷ್ಟಿಕಾಳಗದವರ ತುಟಿ ಹರಿಯದಿರಲೆಂದು ಗಟಾಪರ್ಚಾ ಎಂಬ ಮರದ ಅಂಟಿನ ಪಟ್ಟಿಗಳನ್ನು ಅವರ ಹಲ್ಲಿಗೆ ಕೂರಿಸಿದ್ದರು. ಬಾಕ್ಸಿಂಗ್‌ನಲ್ಲಿ ಇಂದು ಅದಿಲ್ಲದೆ ರಿಂಗಿನೊಳಗೆ ಬಿಡುವುದೇ ಇಲ್ಲ.

ಕಡ್ಡಾಯ ಮಾಡಿದರೆ ನಿಜವಾಗಿ ಪ್ರಯೋಜನವಾಗುತ್ತದೆಯೇ ಎಂಬುದಕ್ಕೆ ರಗ್ಬಿಯೊಳಗೇ ಒಳ್ಳೆಯ ಸಾಕ್ಷ್ಯವಿದೆ, ಅದೂ ನ್ಯೂಜಿಲೆಂಡಿನದು. ಅಲ್ಲಿ 1990ರ ದಶಕದ ಕೊನೆಯ ಭಾಗದಲ್ಲಿ, ಮೊದಲು ಹತ್ತೊಂಬತ್ತು ವರ್ಷದೊಳಗಿನವರಿಗೆ, ಆಮೇಲೆ ಎಲ್ಲ ಹಂತದ ಪಂದ್ಯಗಳಿಗೂ, ಮೌತ್‌ಗಾರ್ಡನ್ನು ಕಡ್ಡಾಯ ಮಾಡಿದರು. ಆ ದೇಶದಲ್ಲಿ ಅಪಘಾತದ ಗಾಯಗಳಿಗೆಲ್ಲ ಸರ್ಕಾರಿ ವಿಮಾ ವ್ಯವಸ್ಥೆಯೊಂದು ಹಣ ಕೊಡುತ್ತದೆ. ಹೀಗಾಗಿ ರಗ್ಬಿಯಲ್ಲಿ ಮುರಿದ ಪ್ರತಿಯೊಂದು ಹಲ್ಲಿಗೂ ಎಲ್ಲೋ ಒಂದು ಅರ್ಜಿ ಇರುತ್ತದೆ. 1995ರಿಂದ 2003ರ ನಡುವೆ ಆ ಅರ್ಜಿಗಳು ಶೇಕಡಾ 43ರಷ್ಟು ಇಳಿದವು. ಮೌತ್‌ಗಾರ್ಡ್ ಧರಿಸುವವರ ಪ್ರಮಾಣ 1993ರಲ್ಲಿ ಶೇಕಡಾ 67 ಇದ್ದದ್ದು 2003ಕ್ಕೆ ಶೇಕಡಾ 93ಕ್ಕೆ ಏರಿತ್ತು. ಮೌತ್‌ಗಾರ್ಡಿನ ಗುಣವನ್ನು ನೂರರಲ್ಲಿ ಆ 67 ಮಂದಿ ಮೊದಲೇ ಒಪ್ಪಿದ್ದರು. ಉಳಿದವರಲ್ಲಿ ಹೆಚ್ಚಿನವರನ್ನು ಒಪ್ಪಿಸಿದ್ದು ನಿಯಮ ಎಂದೇ ನಾನು ಓದುತ್ತೇನೆ. ನಮ್ಮಲ್ಲಿ ಕಬಡ್ಡಿಯಲ್ಲಿ ಉದುರಿದ ಹಲ್ಲುಗಳ ಲೆಕ್ಕ ಇಡುವವರೇ ಇಲ್ಲ, ನನ್ನಂಥವರ ಹಳೆಯ ಡೈರಿಗಳ ಹೊರತು.

ಈಗ ನಾನು ಒಪ್ಪದ ಕಾರಣಕ್ಕೆ ಬರುತ್ತೇನೆ. ಮೌತ್‌ಗಾರ್ಡ್ ಹಾಕಿಕೊಂಡರೆ ಮಿದುಳಿಗೆ ಪೆಟ್ಟಾಗುವುದಿಲ್ಲ ಎಂದು ಹೇಳಿ ಮಾರುವವರಿದ್ದಾರೆ, ಅದನ್ನು ನಂಬಿ ಕಡ್ಡಾಯ ಮಾಡಿ ಎನ್ನುವವರೂ ಇದ್ದಾರೆ. ತಲೆ ಥಟ್ಟನೆ ತಿರುಗಿದಾಗ ಅಥವಾ ಥಟ್ಟನೆ ನಿಂತಾಗ ತಲೆಬುರುಡೆಯೊಳಗೆ ಮಿದುಳು ಅಲುಗಾಡುವುದರಿಂದ ಆಗುವ ಗಾಯ ಅದು. ಹಲ್ಲಿನ ಮೇಲಿನ ಪ್ಲಾಸ್ಟಿಕ್ ಅದನ್ನು ಹೇಗೆ ತಡೆದೀತು? ಐಸ್ ಹಾಕಿಯಲ್ಲಿ ಮಾತ್ರ ಬೇರೆಯ ಚಿತ್ರವಿದೆ: 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಮರುವರ್ಷ ಪ್ರಕಟಿಸಿದ ಹೇಳಿಕೆಯಲ್ಲಿ, ಆ ಆಟದಲ್ಲಿ ಮೌತ್‌ಗಾರ್ಡ್ ಧರಿಸಿದವರಲ್ಲಿ ಕನ್ಕಷನ್, ಅಂದರೆ ಮಿದುಳಿನ ಇಂಥ ಗಾಯದ ಪ್ರಮಾಣ ಶೇಕಡಾ 28ರಷ್ಟು ಕಡಿಮೆ ಕಂಡಿದೆ ಎಂದಿದ್ದಾರೆ. ರಗ್ಬಿಯ ಬಗ್ಗೆ ಹಾಗೆ ಎದೆ ತಟ್ಟಿ ಹೇಳುವಷ್ಟು ಆಧಾರವಿಲ್ಲ. 2003ರ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಸ್ಟೀವ್ ಥಾಂಪ್ಸನ್ ತಮಗೆ ಆ ಗೆಲುವೇ ನೆನಪಿಲ್ಲ ಎಂದು 2020ರ ಡಿಸೆಂಬರಿನಲ್ಲಿ ಹೇಳಿದಾಗ, ನಡುವಯಸ್ಸಿನಲ್ಲೇ ಮರೆಗುಳಿತನ ಆವರಿಸಿದ್ದನ್ನು ಕೇಳಿ ಆ ಆಟದ ಲೋಕ ಬೆಚ್ಚಿತು. ಅಂಥ ಸಂಕಟಕ್ಕೆ ಮೌತ್‌ಗಾರ್ಡೇ ಮದ್ದು ಎನ್ನುವುದು ಸುಳ್ಳು ಭರವಸೆ. ಆ ಭರವಸೆಯಿಂದ ಆಟಗಾರ ಇನ್ನಷ್ಟು ತಲೆ ಮುಂದೆ ಮಾಡಿ ನುಗ್ಗಿದರೆ ಹಾನಿಯೇ ಹೆಚ್ಚು.

ಈ ಗೊಂದಲ ಬೆಳೆಯಲು ಇನ್ನೊಂದು ಕಾರಣವೂ ಇದೆ. ಈಗ ಉನ್ನತ ಮಟ್ಟದ ರಗ್ಬಿಯಲ್ಲಿ ಕಾಣುವ ಮೌತ್‌ಗಾರ್ಡ್ ಬರಿಯ ಕವಚವಲ್ಲ, ಅಳೆಯುವ ಯಂತ್ರವೂ ಹೌದು. ಅದರೊಳಗೆ ಹುದುಗಿಸಿದ ಪುಟ್ಟ ಸೆನ್ಸರ್‌ಗಳು ತಲೆಗೆ ಬಿದ್ದ ಪೆಟ್ಟಿನ ವೇಗೋತ್ಕರ್ಷವನ್ನೂ ತಲೆ ತಿರುಗಿದ ರಭಸವನ್ನೂ ಅಳೆದು, ಬ್ಲೂಟೂತ್ ಮೂಲಕ ಮೈದಾನದಂಚಿನಲ್ಲಿ ಕುಳಿತ ವೈದ್ಯರಿಗೆ ಕಳುಹಿಸುತ್ತವೆ. ಮೇಲಿನ ಹಲ್ಲುಗಳು ತಲೆಬುರುಡೆಗೆ ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ, ಹೆಲ್ಮೆಟ್ಟಿಗೋ ಚರ್ಮಕ್ಕೋ ಅಂಟಿಸಿದ ಸೆನ್ಸರ್‌ಗಿಂತ ಇದರ ಅಳತೆ ನಂಬಲರ್ಹ. ವರ್ಲ್ಡ್ ರಗ್ಬಿ ಸಂಸ್ಥೆ 2024ರ ಜನವರಿಯಿಂದ ಇದನ್ನು ತಲೆಪೆಟ್ಟಿನ ತಪಾಸಣೆಯ ಭಾಗವಾಗಿಸಿತು. ಆರಂಭದಲ್ಲಿ ಇಟ್ಟ ಮಿತಿ ಪುರುಷರಿಗೆ ಗುರುತ್ವಾಕರ್ಷಣೆಯ 70 ಪಟ್ಟು, ಮಹಿಳೆಯರಿಗೆ 55 ಪಟ್ಟು. ಅದನ್ನು ಮೀರಿದ ಪೆಟ್ಟು ದಾಖಲಾದರೆ ಆಟಗಾರನನ್ನು ಹೊರಗೆ ಕರೆದು ಪರೀಕ್ಷಿಸಬೇಕು.

ಇಲ್ಲಿ ಒಂದು ಚಾತುರ್ಯವನ್ನು ಗಮನಿಸಬೇಕು. ರಗ್ಬಿಯ ಆಟದ ನಿಯಮಗಳಲ್ಲಿ ಮೌತ್‌ಗಾರ್ಡ್ ಧರಿಸಲು ಅನುಮತಿಯಷ್ಟೇ ಇದೆ, ಆಜ್ಞೆಯಿಲ್ಲ. ಕಡ್ಡಾಯ ಎಂಬುದು ಆಯಾ ದೇಶದ, ಆಯಾ ಪಂದ್ಯಾವಳಿಯ ತೀರ್ಮಾನ. ಆದರೆ ಮೇಲಿನ ಹಂತದ ಆಟಗಾರ ಸೆನ್ಸರ್ ಇರುವ ಮೌತ್‌ಗಾರ್ಡ್ ಧರಿಸದಿದ್ದರೆ, ತಲೆಪೆಟ್ಟಿನ ಅನುಮಾನ ಬಂದಾಗ ಹನ್ನೆರಡು ನಿಮಿಷಗಳ ತಪಾಸಣೆ ಮುಗಿಸಿ ಮೈದಾನಕ್ಕೆ ಮರಳುವ ಅವಕಾಶ ಅವನಿಗೆ ಇರುವುದಿಲ್ಲ ಎಂದು ಮಾಡಿದರು. ಅನುಮಾನ ಬಂದರೆ ಅಂದಿನ ಆಟವೇ ಮುಗಿಯಿತು. ಬಾಗಿಲು ತೆರೆದಿದೆ ಎಂದು ಹೇಳಿ ಮೆಟ್ಟಿಲು ತೆಗೆದಂತೆ. ನನಗೆ ಈ ಸುತ್ತುದಾರಿ ಹಿಡಿಸುವುದಿಲ್ಲ. ಕವಚವನ್ನು ಕವಚವೆಂದೇ ನೇರವಾಗಿ ಕಡ್ಡಾಯ ಮಾಡಲಿ; ಅಳೆಯುವ ಯಂತ್ರದ ಪ್ರಶ್ನೆಯನ್ನು ಬೇರೆಯಾಗಿ ಇತ್ಯರ್ಥ ಮಾಡಲಿ.

ಇನ್ನು ತಮ್ಮ ಮುಖ್ಯ ಆಕ್ಷೇಪ, ಅಂದರೆ ವಯಸ್ಕನ ಸ್ವಾತಂತ್ರ್ಯ. ನನಗೆ ಇದನ್ನು ಅರ್ಥ ಮಾಡಿಸಿದ್ದು ರಗ್ಬಿಯಲ್ಲ, ನಮ್ಮ ಅಡಿಕೆ ತೋಟ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು, ಆಮೇಲೆ ಕೊನೆ (ಅಡಿಕೆಯ ಗೊನೆ) ಇಳಿಸಲು ಮರ ಏರುವ ಕೊನೆಗೌಡರನ್ನು ನೋಡಿ. ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಿ ಎಂದು ನಮ್ಮ ತಂದೆಯವರು ಹೇಳಿದಾಗಲೆಲ್ಲ, ‘ಬ್ಯಾಡ ಅಯ್ಯಾ, ಕೆಲಸ ಸಾಗದಿಲ್ಲ’ ಎಂಬುದೇ ಉತ್ತರವಾಗಿತ್ತು. ಹಗ್ಗ ಕಟ್ಟಿಕೊಂಡರೆ ಮರದಿಂದ ಮರಕ್ಕೆ ಜೀಕಿ ದಾಟುವಂತಿಲ್ಲ, ಪ್ರತಿ ಮರವನ್ನೂ ಇಳಿದು ಹತ್ತಬೇಕು. ಇಳಿಸಿದ ಕೊನೆಗಳ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಅದು ನಷ್ಟ. ಪಕ್ಕದ ತೋಟದಲ್ಲಿ ಹಗ್ಗವಿಲ್ಲದೆ ಎರಡು ಪಟ್ಟು ಕೊನೆ ಇಳಿಸುವವನಿದ್ದರೆ ಇವನನ್ನು ಯಾರು ಕರೆದಾರು? ‘ಬೇಡ’ ಎಂದದ್ದು ಅವನ ಬಾಯಿ, ಆದರೆ ಅದನ್ನು ಹೇಳಿಸಿದ್ದು ಕೂಲಿಯ ಲೆಕ್ಕ. ಈಗ ಫೈಬರ್ ದೋಟಿ (ಉದ್ದನೆಯ ಕೊಯ್ಲುಗೋಲು) ಬಂದು ಎಷ್ಟೋ ತೋಟಗಳಲ್ಲಿ ನೆಲದಲ್ಲೇ ನಿಂತು ಕೊನೆ ಕೊಯ್ಯುತ್ತಾರೆ ಎಂಬುದು ಸಮಾಧಾನ.

ವೃತ್ತಿಪರ ಆಟಗಾರನ ಸ್ಥಿತಿಯೂ ಇದೇ. ಅವನಿಗೆ ತಂಡದಲ್ಲಿ ಸ್ಥಾನ ಬೇಕು, ಮುಂದಿನ ವರ್ಷದ ಒಪ್ಪಂದ ಬೇಕು. ಜೊತೆಯವನು ಬರಿಬಾಯಲ್ಲಿ ಆಡಿ ಚೆನ್ನಾಗಿ ಉಸಿರಾಡುತ್ತಾನೆ, ಜೋರಾಗಿ ಕೂಗಿ ಆಟ ಹೇಳುತ್ತಾನೆ ಎಂದು ಅನ್ನಿಸಿದರೆ ಇವನೂ ತೆಗೆಯುತ್ತಾನೆ. ಇದನ್ನು ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1973ರಲ್ಲೇ ಐಸ್ ಹಾಕಿಯ ಹೆಲ್ಮೆಟ್ಟನ್ನು ಮುಂದಿಟ್ಟುಕೊಂಡು ವಿವರಿಸಿದ್ದರು: ಒಬ್ಬೊಬ್ಬರನ್ನೇ ಅವರವರ ಇಷ್ಟಕ್ಕೆ ಬಿಟ್ಟರೆ ಯಾರೂ ಹೆಲ್ಮೆಟ್ ಹಾಕುವುದಿಲ್ಲ, ಆದರೆ ಎಲ್ಲರಿಗೂ ಒಂದೇ ನಿಯಮ ಮಾಡೋಣವೇ ಎಂದು ಕೇಳಿದರೆ ಅದೇ ಆಟಗಾರರು ಒಪ್ಪುತ್ತಾರೆ. ಏಕೆಂದರೆ ಎಲ್ಲರೂ ಧರಿಸಿದಾಗ ಯಾರಿಗೂ ಹಿನ್ನಡೆಯಿಲ್ಲ, ಹೇಡಿ ಎನ್ನಿಸಿಕೊಳ್ಳುವ ಭಯವೂ ಇಲ್ಲ. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್ 1979ರಲ್ಲಿ ಹೊಸದಾಗಿ ಸೇರುವವರಿಗೆಲ್ಲ ಹೆಲ್ಮೆಟ್ ಕಡ್ಡಾಯ ಮಾಡಿ, ಹಳಬರನ್ನು ಅವರ ಪಾಡಿಗೆ ಬಿಟ್ಟಿತು. ಹೆಲ್ಮೆಟ್ ಇಲ್ಲದೆ ಆಡಿದ ಕೊನೆಯ ಆಟಗಾರ ಕ್ರೇಗ್ ಮ್ಯಾಕ್‌ಟ್ಯಾವಿಶ್ 1997ರಲ್ಲಿ ನಿವೃತ್ತರಾದರು. ಯಾರ ಅಭಿಮಾನಕ್ಕೂ ಧಕ್ಕೆಯಾಗದಂತೆ ಬದಲಾವಣೆ ಮುಗಿದಿತ್ತು.

ನಮಗೆ ಹತ್ತಿರದ ಉದಾಹರಣೆ ಬೇಕೆಂದರೆ ಕ್ರಿಕೆಟ್ ಇದೆ. ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ 1969ರಲ್ಲಿ ಟೆಸ್ಟ್ ಆಡಲು ಬಂದಾಗ ಬ್ಯಾಟಿಗರ ತಲೆಗೆ ಹೆಲ್ಮೆಟ್ ಎಂಬುದೇ ಇರಲಿಲ್ಲ. ಹೆಲ್ಮೆಟ್ ಇಲ್ಲದ ಆ ಕಾಲವನ್ನು ಧೈರ್ಯದ ಕಾಲವೆಂದು ಹಿರಿಯರು ಈಗಲೂ ಕೊಂಡಾಡುತ್ತಾರೆ, ನಾನೂ ಕೊಂಡಾಡುತ್ತೇನೆ. ಆದರೆ ಇಂದು ವೇಗದ ಬೌಲರಿನ ಮುಂದೆ ಬರಿದಲೆಯಲ್ಲಿ ನಿಲ್ಲುವವನನ್ನು ಧೈರ್ಯಶಾಲಿ ಎನ್ನುತ್ತೇವೆಯೇ? 2014ರಲ್ಲಿ ಕತ್ತಿಗೆ ಚೆಂಡು ಬಡಿದು ಆಸ್ಟ್ರೇಲಿಯಾದ ಬ್ಯಾಟಿಗ ಫಿಲಿಪ್ ಹ್ಯೂಸ್ ತೀರಿಕೊಂಡ ಮೇಲೆ ಕತ್ತಿನ ರಕ್ಷಾಪಟ್ಟಿ ಬಂತು. ಹೃದಯ ಬಡಿತವೇ ಏರುತ್ತದೆ, ಇಕ್ಕಟ್ಟಾಗುತ್ತದೆ ಎಂದು ಸ್ಟೀವ್ ಸ್ಮಿತ್ ಅದನ್ನು ಬಹುಕಾಲ ದೂರವಿಟ್ಟಿದ್ದರು. 2023ರ ಅಕ್ಟೋಬರ್ 1ರಿಂದ ಕ್ರಿಕೆಟ್ ಆಸ್ಟ್ರೇಲಿಯಾ ಕಡ್ಡಾಯ ಮಾಡಿತು. ವಯಸ್ಕರೂ ಹಣವಂತರೂ ಪ್ರಸಿದ್ಧರೂ ಆದ ಆಟಗಾರರಿಗೇ ಮಾಡಿದ ಆಜ್ಞೆ ಅದು.

ಮಕ್ಕಳು ಅನುಕರಿಸುತ್ತಾರೆ, ಆದ್ದರಿಂದ ದೊಡ್ಡವರು ಧರಿಸಬೇಕು ಎಂಬ ವಾದವನ್ನು ನಾನು ಹೆಚ್ಚು ಬಳಸುವುದಿಲ್ಲ. ಇನ್ನೊಬ್ಬರ ಮಕ್ಕಳನ್ನು ತಿದ್ದುವುದಕ್ಕಾಗಿ ಒಬ್ಬನ ಬಾಯಿಗೆ ಪ್ಲಾಸ್ಟಿಕ್ ತುರುಕುವುದು ಸರಿಯಲ್ಲ. ಆದರೂ 2014ರಲ್ಲಿ ಪ್ರೊ ಕಬಡ್ಡಿ ಆರಂಭವಾದ ಮೇಲೆ ನಮ್ಮ ಅಡಿಕೆ ಅಂಗಳಗಳಲ್ಲಿ ಹುಡುಗರು ಕಾಲು ಹಿಡಿಯುವ ಬಗೆಯೇ ಬದಲಾದದ್ದನ್ನು ನಾನು ಕಂಡಿದ್ದೇನೆ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗಿನಲ್ಲಿ ಬೆಂಗಳೂರಿನ ಹೆಸರಿನದೂ ಒಂದು ತಂಡವಿತ್ತು. ಮುಂದೆ ನಮ್ಮ ಹುಡುಗರ ಕಣ್ಣು ಅತ್ತ ಹೊರಳಿದರೆ ಆಶ್ಚರ್ಯವಿಲ್ಲ.

ಆಟಗಾರರು ಹೇಳುವ ಕಿರಿಕಿರಿಗಳು ಸುಳ್ಳಲ್ಲ. ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ, ಬಿಸಿನೀರಿನಲ್ಲಿ ಮೆದುಗೊಳಿಸಿ ಕಚ್ಚಿ ಆಕಾರ ಕೊಡುವ ಮೌತ್‌ಗಾರ್ಡ್ ಬಹಳಷ್ಟು ಸಲ ಸಡಿಲವಾಗುತ್ತದೆ. ಅದನ್ನು ಹಿಡಿದಿಡಲು ಹಲ್ಲು ಕಚ್ಚಿಕೊಂಡೇ ಇರಬೇಕು, ಮಾತು ತೊದಲುತ್ತದೆ, ಕೆಲವರಿಗೆ ವಾಕರಿಕೆ ಬರುತ್ತದೆ. ದಂತವೈದ್ಯರು ಬಾಯಿಯ ಅಚ್ಚು ತೆಗೆದು, ಅಚ್ಚಿನ ಮೇಲೆ ಹಾಳೆಯನ್ನು ಕಾಯಿಸಿ ಒತ್ತಿ ಮಾಡಿದ್ದು ಹೀಗಲ್ಲ. ಅದು ಕಚ್ಚದಿದ್ದರೂ ನಿಲ್ಲುತ್ತದೆ, ಹಾಕಿಕೊಂಡು ಓಡಬಹುದು, ಕೂಗಬಹುದು. ನಾನು ಇಲ್ಲಿನ ಒಂದು ಕಬಡ್ಡಿ ತಂಡದ ಹುಡುಗರಿಗೆ ಹಾಗೆ ಮಾಡಿಕೊಟ್ಟಾಗ ಮೊದಲ ವಾರ ಎಲ್ಲರೂ ಉಗುಳಿದರು. ಕಬಡ್ಡಿ ಎಂದು ಉಸಿರುಗಟ್ಟಿ ಹೇಳುತ್ತಲೇ ಇರಬೇಕಾದ ಆಟದಲ್ಲಿ ಅದು ಸಹಜವೇ. ಮೂರನೆಯ ವಾರ ಒಬ್ಬ ರೈಡರ್ ಅದನ್ನು ಮನೆಯಲ್ಲಿ ಮರೆತು ಬಂದು ಆಡಲು ಹಿಂಜರಿದ. ಆದ್ದರಿಂದ ಕಡ್ಡಾಯ ಮಾಡುವುದಾದರೆ ಪ್ರತಿಯೊಬ್ಬನ ಬಾಯಿಯ ಅಳತೆಗೇ ಮಾಡಿಸಿಕೊಡುವ ಖರ್ಚು ಆಟಗಾರನದಲ್ಲ, ತಂಡದ್ದು ಎಂಬುದೂ ಅದೇ ನಿಯಮದಲ್ಲಿರಬೇಕು. ಟಿಕೆಟ್ಟು, ಜಾಹೀರಾತು, ಪ್ರಸಾರದ ಹಣ ಎಣಿಸುವವರಿಗೆ ಅದು ಲೆಕ್ಕಕ್ಕೇ ಬಾರದ ಖರ್ಚು.

ಸೆನ್ಸರ್ ಮಾತ್ರ ನನ್ನನ್ನು ಚಿಂತೆಗೀಡು ಮಾಡುತ್ತದೆ. ಯಾವ ಆಟಗಾರನ ತಲೆ ಒಂದು ಋತುವಿನಲ್ಲಿ ಎಷ್ಟು ಪೆಟ್ಟು ತಿಂದಿದೆ ಎಂಬ ಲೆಕ್ಕ ವೈದ್ಯನ ಕೈಯಲ್ಲಿದ್ದರೆ ಅದು ಆರೈಕೆ. ಅದೇ ಲೆಕ್ಕ ಒಪ್ಪಂದ ಬರೆಯುವವನ ಮೇಜಿಗೆ ಹೋದರೆ, ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಮೂಟೆಯಿಂದ ಮಾದರಿ ತೆಗೆದು ಇದು ರಾಶಿ ದರ್ಜೆಯೋ ಗೊರಬಲು ದರ್ಜೆಯೋ ಎಂದು ದರ ಕಟ್ಟಿದಂತೆ ಮನುಷ್ಯನ ತಲೆಗೂ ದರ ಕಟ್ಟುತ್ತಾರೆ. ಮೂವತ್ತು ದಾಟಿದ ಆಟಗಾರನ ಒಪ್ಪಂದವನ್ನು ಮುರಿಯಲು ಅದಕ್ಕಿಂತ ಸುಲಭದ ನೆಪ ಬೇಕೇ? ನನ್ನ ರೋಗಿಯ ಎಕ್ಸ್‌ರೇಯನ್ನು ಅವನ ಒಪ್ಪಿಗೆಯಿಲ್ಲದೆ ಅವನ ಯಜಮಾನನಿಗೆ ನಾನು ತೋರಿಸುವಂತಿಲ್ಲ. ತಲೆಪೆಟ್ಟಿನ ಅಂಕಿಗಳಿಗೂ ಅಷ್ಟೇ ಗೌಪ್ಯತೆ ಬೇಕು. ಆಟಗಾರರ ಸಂಘದೊಂದಿಗೆ ಬರಹದಲ್ಲಿ ಒಪ್ಪಂದವಾಗುವವರೆಗೆ ಸೆನ್ಸರ್ ಇಲ್ಲದ ಸಾದಾ ಮೌತ್‌ಗಾರ್ಡ್ ಧರಿಸುವ ಆಯ್ಕೆಯನ್ನು, ಅದಕ್ಕೆ ಯಾವ ಶಿಕ್ಷೆಯೂ ಇಲ್ಲದಂತೆ, ಉಳಿಸಬೇಕು.

ಕೊನೆಯದಾಗಿ, ಕಾಲುಚೀಲಕ್ಕೆ ಸಿಕ್ಕಿಸಿಕೊಂಡು ಓಡುವವನನ್ನು ಹಿಡಿಯುವುದು ಹೇಗೆ ಎಂಬ ಪ್ರಶ್ನೆ. ರಗ್ಬಿಯಲ್ಲಿ ಪಂದ್ಯಕ್ಕೆ ಮೊದಲು ಬೂಟಿನ ತಳದ ಗುಬುಟುಗಳನ್ನು ಅಧಿಕಾರಿಗಳು ಪರೀಕ್ಷಿಸುತ್ತಾರೆ; ಅದೇ ಹೊತ್ತಿನಲ್ಲಿ ಬಾಯನ್ನೂ ನೋಡಬಹುದು. ಆಟದ ನಡುವೆ ಬಿದ್ದುಹೋದರೆ ಬಾಕ್ಸಿಂಗ್‌ನಲ್ಲಿ ಮಾಡುವಂತೆ, ಆಟಕ್ಕೆ ಬಿಡುವು ಸಿಕ್ಕಾಗ ತೊಳೆದು ಮತ್ತೆ ಹಾಕಿಸಬಹುದು; ಬೇಕೆಂದೇ ಉಗುಳಿದರೆ ಅಲ್ಲಿ ಅಂಕ ಕಳೆಯುತ್ತಾರೆ. ರಗ್ಬಿಯಲ್ಲಿ ಮೊದಲ ಸಲಕ್ಕೆ ಎಚ್ಚರಿಕೆ, ಎರಡನೆಯ ಸಲಕ್ಕೆ ಎದುರು ತಂಡಕ್ಕೆ ಪೆನಾಲ್ಟಿ ಎಂದಾದರೆ ಸಾಕು. ಪೆನಾಲ್ಟಿಯಿಂದ ಮೂರು ಅಂಕ ಹೋಗಬಹುದು ಎಂದು ಗೊತ್ತಾದ ದಿನ, ಅವನ ಬಾಯಿಗೆ ಅದನ್ನು ಹಾಕಿಸುವ ಕೆಲಸವನ್ನು ಅವನ ನಾಯಕನೇ ಮಾಡುತ್ತಾನೆ.